ಆತಂಕದ ಸಪೋರ್ಟ್ ಗ್ರೂಪಿಗೆ ಮೊದಲ ಸಲ ಹೋಗೋದು ಹೇಗೆ? ಗೇಟ್ ತನಕ ಬಂದು ವಾಪಸ್ ಹೋಗೋರಿಗಾಗಿ

ಮುಂಬೈಯಲ್ಲಿ ಇಂಥದೊಂದು ಗ್ರೂಪಲ್ಲಿ ಕುರ್ಚಿ ಹಾಕೋದು, ಹೊಸಬರನ್ನ ಒಳಗೆ ಕರ್ಕೊಂಡು ಬರೋದು ನನ್ನ ಕೆಲಸ, ಅದಕ್ಕೇ ಜನ ಎಲ್ಲೆಲ್ಲಿ ಎಡವ್ತಾರೆ ಅಂತ ನೋಡಿ ನೋಡಿ ಗೊತ್ತಾಗಿದೆ. ಎರಡೇ ಕಡೆ. ಬಾಗಿಲ ಹತ್ರ ಒಂದ್ಸಲ, ಪರಿಚಯ ಹೇಳೋ ಸರದಿ ಬಂದಾಗ ಇನ್ನೊಂದ್ಸಲ.

ಗ್ರೂಪ್ ಹುಡುಕೋದು ಕಷ್ಟ ಅಲ್ಲ, ನಿಮ್ಮ ಡಾಕ್ಟರನ್ನೋ ಕೌನ್ಸೆಲರನ್ನೋ ಕೇಳಿ. ಡಾಕ್ಟರಿಗೇ ಇನ್ನೂ ತೋರಿಸಿಲ್ಲ ಅಂದ್ರೆ ಮೊದಲು ಅದು, ಯಾಕಂದ್ರೆ ಎದೆ ಡವಡವ, ಕೈ ನಡುಕ ಥೈರಾಯ್ಡ್ ಜಾಸ್ತಿ ಆದ್ರೂ ಬರತ್ತೆ, ಎದೆನೋವಿದ್ರೆ ಇಸಿಜಿ ಮಾಡಿಸದೇ ಟೆನ್ಷನ್ ಅಂತ ತಳ್ಳಿಹಾಕ್ಬೇಡಿ. ಆಮೇಲೆ ಗ್ರೂಪಿನವರಿಗೆ ಫೋನ್ ಮಾಡಿ, ನಡೆಸೋರು ಯಾರು, ಯಾವಾಗ ಬೇಕಾದ್ರೂ ಸೇರ್ಬಹುದಾ ಅಂತ ಕೇಳ್ಕೊಳ್ಳಿ. ಥೆರಪಿಸ್ಟ್ ನಡೆಸೋ ಗ್ರೂಪ್ ಥೆರಪಿ ಬೇರೆ, ನಮ್ಮಂಥೋರೇ ಕೂತು ಮಾತಾಡೋ ಸಪೋರ್ಟ್ ಗ್ರೂಪ್ ಬೇರೆ, ಇದು ಮಾತ್ರೆಗೆ ಬದಲಿ ಅಂತೂ ಅಲ್ವೇ ಅಲ್ಲ.

ನಮ್ಮ ಕನ್ನಡದವರದ್ದು ಇನ್ನೊಂದು ಭಯ, ಮಾಟುಂಗಾದಲ್ಲಿ ಸಂಘದೋರು ಯಾರಾದ್ರೂ ನೋಡಿಬಿಟ್ರೆ ಸಂಜೆಯೊಳಗೆ ಊರಿಗೆ ಫೋನ್ ಹೋಗಿರತ್ತೆ ಅಂತ. ಸರಿ ಮಾರಾಯ್ರೆ, ನಾಲ್ಕು ಸ್ಟೇಷನ್ ಆಚೆ ಹೋಗಿ. ಭಾನುವಾರ ಆದ್ರೆ ಹಿಂದಿನ ದಿನವೇ ಮೆಗಾಬ್ಲಾಕ್, ಅಂದ್ರೆ ರಿಪೇರಿಗೆ ಅಂತ ಲೋಕಲ್ ಟ್ರೇನ್ ನಿಲ್ಲಿಸೋದು, ಯಾವ ಲೈನಲ್ಲಿ ಅಂತ ನೋಡ್ಕೊಳ್ಳಿ. ಡೊಂಬಿವ್ಲಿ ಕಡೆಯಿಂದ ಬರೋರು ಸ್ಲೋ ಟ್ರೇನೇ ಹಿಡೀರಿ, ಫಾಸ್ಟಲ್ಲಿ ಎಷ್ಟೋ ಟ್ರೇನು ಠಾಣೆ ತನಕ ನಿಲ್ಲೋದೇ ಇಲ್ಲ, ಸ್ಲೋದಲ್ಲಿ ಕೋಪರ್, ದಿವಾ, ಮುಂಬ್ರಾ ಅಂತ ಪ್ರತಿ ಐದು ನಿಮಿಷಕ್ಕೆ ಬಾಗಿಲು ಸಿಗತ್ತೆ. ಹೊರಡೋ ಮುಂಚೆ ಎರಡೆರಡು ಕಟಿಂಗ್ ಚಾ ಹೊಡೀಬೇಡಿ, ಕೆಫೀನ್ ಎದೆಬಡಿತ ಇನ್ನೂ ಏರಿಸತ್ತೆ. ಧೈರ್ಯಕ್ಕೆ ಅಂತ ಪಕ್ಕದ ಮನೆಯೋರ ನಿದ್ದೆ ಮಾತ್ರೆ ಅರ್ಧ ನುಂಗಿ ಬರೋದಂತೂ ಬೇಡವೇ ಬೇಡ. ಆನ್‌ಲೈನಲ್ಲಿ ಮಾರೋ ಆತಂಕದ ಗಮ್ಮಿ, ಕಲ್ಲಿನ ಬ್ರೇಸ್‌ಲೆಟ್ ಇವೆಲ್ಲ ದುಡ್ಡು ದಂಡ, ಆ ದುಡ್ಡಲ್ಲಿ ಮಸಾಲೆ ದೋಸೆ ತಿನ್ನಿ.

ಈಗ ಬಾಗಿಲು. ಹತ್ತು ನಿಮಿಷ ಮುಂಚೆ ಬನ್ನಿ ಸಾಕು. ಅರ್ಧ ಗಂಟೆ ಮುಂಚೆ ಬಂದೋರು ಫುಟ್‌ಪಾತ್ ಮೇಲೆ ಶತಪಥ ಹಾಕಿ ಹಾಕಿ ಕೊನೆಗೆ ರಿಕ್ಷಾ ಹಿಡಿದು ಹೋಗ್ಬಿಡ್ತಾರೆ, ಲೇಟಾದೋರು ಎಲ್ಲರೂ ತಿರುಗಿ ನೋಡ್ತಾರೆ ಅಂತ ಒಳಗೇ ಬರಲ್ಲ. ಹಿಂದಿನ ದಿನವೇ ಮೆಸೇಜ್ ಹಾಕಿ, ಹೊಸಬ, ಗೇಟ್ ಹತ್ರ ಯಾರಾದ್ರೂ ಸಿಗ್ತೀರಾ ಅಂತ. ಜೊತೆಗೆ ಹೆಂಡತಿನೋ ಅಣ್ಣನೋ ಬಂದ್ರೆ ಅವರು ಎದುರಿನ ಹೋಟೆಲಲ್ಲಿ ಕಾಯ್ಲಿ, ಒಳಗೆ ಬೇಡ. ಮನೆಯೋರು ಪಕ್ಕದಲ್ಲಿದ್ರೆ ಬಾಯಿಗೆ ಬಂದದ್ದು ಅರ್ಧ ಒಳಗೇ ಉಳಿಯತ್ತೆ, ಇಲ್ಲಾಂದ್ರೆ ಅವರೇ ನಿಮ್ಮ ಪರವಾಗಿ ಮಾತಾಡೋಕೆ ಶುರು ಮಾಡ್ತಾರೆ.

ಬಾಗಿಲ ಪಕ್ಕದ ಕುರ್ಚಿ ಹಿಡೀರಿ. ಕೂತ ಮೇಲೆ ಎದೆ ಹೊಡ್ಕೊಳ್ಳೋಕೆ ಶುರುವಾದ್ರೆ, ಪ್ಯಾನಿಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ ತಾನೇ ಇಳಿಯೋಕೆ ಶುರುವಾಗತ್ತೆ, ಉಸಿರು ನಿಧಾನಕ್ಕೆ ಬಿಡ್ತಾ ಕೂತಿರಿ. ಆಗ್ಲೇ ಇಲ್ಲ ಅಂದ್ರೆ ವರಾಂಡಕ್ಕೆ ಹೋಗಿ ಬನ್ನಿ, ಯಾರೂ ಏನೂ ಅನ್ನಲ್ಲ, ಆದ್ರೆ ಬ್ಯಾಗ್ ಕುರ್ಚಿ ಮೇಲೇ ಬಿಟ್ಟು ಹೋಗಿ. ಬ್ಯಾಗ್ ಒಳಗಿದ್ರೆ ವಾಪಸ್ ಬರ್ಲೇಬೇಕಲ್ಲ! ಎದ್ದು ಸೀದಾ ಮನೆಗೆ ಓಡಿದ್ರೆ ಆ ಕ್ಷಣಕ್ಕೆ ಹಾಯ್ ಅನ್ಸತ್ತೆ, ಆದ್ರೆ ಓಡಿದ್ದಕ್ಕೇ ಬಚಾವಾದೆ ಅಂತ ಮನಸ್ಸು ನೆನಪಿಟ್ಕೊಳ್ಳತ್ತೆ, ಮುಂದಿನ ವಾರ ಮೆಟ್ಟಿಲು ಹತ್ತೋದು ಇನ್ನೂ ಕಷ್ಟ.

ಆಮೇಲೆ ಪರಿಚಯದ ಸುತ್ತು, ಅಸಲಿ ಪರೀಕ್ಷೆ ಇಲ್ಲೇ. ಸರದಿ ಒಬ್ಬೊಬ್ಬರನ್ನೇ ದಾಟಿ ಹತ್ರ ಬರ್ತಿದ್ರೆ ಹೊಸಬರಿಗೆ ಬೇರೆಯೋರು ಹೇಳ್ತಿರೋದು ಒಂದಕ್ಷರ ಕೇಳ್ಸಲ್ಲ, ತಲೆಯಲ್ಲಿ ತಮ್ಮ ವಾಕ್ಯವೇ ಓಡ್ತಿರತ್ತೆ, ಅದೂ ಹಿಂದಿಯಲ್ಲಿ ಹೇಳ್ಬೇಕಲ್ಲ, ವ್ಯಾಕರಣ ತಪ್ಪಿದ್ರೆ ಅಂತ ಬೇರೆ. ಅದಕ್ಕೆ ಮನೆಯಲ್ಲೇ ಒಂದು ಸಾಲು ರೆಡಿ ಮಾಡ್ಕೊಂಡು ಬನ್ನಿ: "ಪೆಹಲೀ ಬಾರ್ ಆಯಾ ಹೂಂ, ಆಜ್ ಸಿರ್ಫ್ ಸುನೂಂಗಾ." ಅಂದ್ರೆ ಮೊದಲ ಸಲ ಬಂದಿದ್ದೀನಿ, ಇವತ್ತು ಬರೀ ಕೇಳ್ತೀನಿ ಅಂತ. ಮುಗೀತು, ಇಷ್ಟೇ. ಹೆಸರು ಕೂಡ ಪೂರ್ತಿ ಬೇಡ, ಮನೆಯಲ್ಲಿ ಕರೆಯೋ ಹೆಸರು ಸಾಕು. ಹಿಂದಿ, ಮರಾಠಿ, ಕನ್ನಡ ಎಲ್ಲ ಕಲಸಿ ಮಾತಾಡಿ, ಇಲ್ಲಿ ಎಲ್ಲರದ್ದೂ ಅದೇ ಭಾಷೆ.

ಇದರ ಉಲ್ಟಾ ಕೇಸೂ ಇದೆ. ಕೆಲವರು ಮೊದಲ ದಿನವೇ ಆಫೀಸು, ಅತ್ತೆ, ಸಾಲ, ಸೊಸೈಟಿ ಜಗಳ ಎಲ್ಲ ಒಂದೇ ಉಸಿರಲ್ಲಿ ಹೇಳಿ ಅತ್ತು ಮನೆಗೆ ಹೋಗ್ತಾರೆ, ರಾತ್ರಿ ಛೆ ಏನೆಲ್ಲ ಹೇಳ್ಬಿಟ್ಟೆ ಅಂತ ನಾಚಿಕೆ ಶುರುವಾಗಿ ಮತ್ತೆ ಮುಖಾನೇ ತೋರಿಸಲ್ಲ. ಮಾತಾಡೋದಾದ್ರೆ ಎರಡು ಮೂರು ನಿಮಿಷ, ಈ ವಾರದ ಒಂದೇ ವಿಷಯ. ಬೇರೆಯೋರು ಹೇಳುವಾಗ ಅಶ್ವಗಂಧ ತಗೊಳ್ಳಿ, ಪ್ರಾಣಾಯಾಮ ಮಾಡಿ ಅಂತ ಉಪದೇಶ ಬೇಡ, ಅವರ ಮಾತ್ರೆ ಹೆಸರು ಬರ್ಕೊಂಡು ಮೆಡಿಕಲ್‌ಗೆ ಓಡೋದೂ ಬೇಡ. ಕೇಳಿದ್ದನ್ನ ಟ್ರೇನಲ್ಲಿ ಗೆಳೆಯನಿಗೂ ಹೇಳೋ ಹಾಗಿಲ್ಲ.

ಮುಗಿದ ಮೇಲೆ ಸುಸ್ತು ಆಗತ್ತೆ, ಆವತ್ತು ಮದುವೆ ರಿಸೆಪ್ಷನ್ನು, ಮಾಲು ಅಂತ ಏನೂ ಇಟ್ಕೋಬೇಡಿ. ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ರೆ ಮ್ಯೂಟ್ ಮಾಡಿ, ಹಗಲು ರಾತ್ರಿ ಊರವರ ಆತಂಕ ಓದ್ತಾ ಕೂತ್ರೆ ನಿಮ್ಮದೂ ಏರತ್ತೆ. ಮಧ್ಯರಾತ್ರಿ ತಡೆಯೋಕಾಗ್ದೇ ಇದ್ರೆ, ಜೀವ ಬೇಡ ಅನ್ನೋ ಯೋಚನೆ ಬಂದ್ರಂತೂ, ಮುಂದಿನ ಮೀಟಿಂಗ್ ತನಕ ಕಾಯ್ಬೇಡಿ, ಮನೆಯೋರನ್ನ ಎಬ್ಬಿಸಿ, 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್, 24 ಗಂಟೆ, ಫ್ರೀ, ಕನ್ನಡದಲ್ಲೂ ಮಾತಾಡ್ಬಹುದು.

ಗ್ರೂಪ್ ಹಿಡಿಸ್ತೋ ಇಲ್ವೋ ಅಂತ ಒಂದೇ ಸಲಕ್ಕೆ ತೀರ್ಮಾನ ಬೇಡ, ಮೂರ್ನಾಲ್ಕು ಸಲ ಹೋಗಿ ನೋಡಿ. ಆದ್ರೆ ನಡೆಸೋರು ಮೊದಲ ದಿನವೇ ಪೌಡರ್ ಡಬ್ಬಿನೋ, ಮೂರು ದಿನದಲ್ಲಿ ಆತಂಕ ಮಾಯ ಅನ್ನೋ ಕೋರ್ಸೋ ಮಾರೋಕೆ ಶುರು ಮಾಡಿದ್ರೆ, ಆವಾಗ ಮಾತ್ರ ಬ್ಯಾಗ್ ಎತ್ಕೊಂಡೇ ವರಾಂಡಕ್ಕೆ ಹೋಗಿ.