ಹಾಯಿದೋಣಿಯ ಹಗ್ಗಕ್ಕೆ ಗಂಟೋ, ಸ್ಪ್ಲೈಸೋ: ನನ್ನ ಅನುಭವ

ತುದಿಯನ್ನು ಹಗ್ಗದೊಳಗೇ ತೂರಿಸಿಯೋ ಹೆಣೆದೋ ಮಾಡುವ ಜೋಡಣೆಗೆ ಸ್ಪ್ಲೈಸ್ ಅನ್ನುತ್ತಾರೆ. ಅದರ ಬದಲು ಗಂಟು ಹಾಕಿದರೆ ಹಗ್ಗದ ಬಲ ಕಡಿಮೆಯಾಗುತ್ತದೆ. ಹಾಯಿದೋಣಿ ನಡೆಸುವವರಿಗೆಲ್ಲ ಇದು ಗೊತ್ತಿರುವ ಮಾತೇ. ಆದರೆ ಎಷ್ಟು ಕಡಿಮೆಯಾಗುತ್ತದೆ, ಎಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಎಲ್ಲಿ ಸುಮ್ನೆ ಬಿಡಬಹುದು ಅನ್ನುವುದು ನನಗೆ ತಿಳಿದದ್ದು ಹಗ್ಗಗಳನ್ನು ನಾನೇ ಎಳೆದು ಕಿತ್ತು ನೋಡಿದ ಮೇಲೆ.

ನಮ್ಮದು 30 ಅಡಿಯ ಹಳೆಯ ದೋಣಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬರ್ಕ್ಲಿ ಮರೀನಾದಲ್ಲಿ ಕಟ್ಟಿದ್ದೇವೆ. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಒಳನಾಡು ಕಾದಷ್ಟೂ ಸಮುದ್ರದ ತಣ್ಣನೆಯ ಗಾಳಿ ಗೋಲ್ಡನ್ ಗೇಟ್ ಸಂದಿಯಿಂದ ಒಳಗೆ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ 20–25 ನಾಟ್ (ಗಂಟೆಗೆ ಸುಮಾರು 37–46 ಕಿ.ಮೀ.) ಗಾಳಿ ಇಲ್ಲಿ ಮಾಮೂಲು. ಹಗ್ಗದ ಮೇಲೆ ನಂಬಿಕೆ ಇಲ್ಲದಿದ್ದರೆ ಅಂಥ ಗಾಳಿಯಲ್ಲಿ ನೆಮ್ಮದಿಯಾಗಿ ಹೋಗಲು ಆಗುವುದಿಲ್ಲ.

ಎಳೆತ ಅಳೆಯುವ ಸಾಧನ ನನ್ನ ಹತ್ತಿರ ಇಲ್ಲ. ಎರಡು ಗಂಟುಗಳನ್ನು ಹೋಲಿಸಲು ಅದು ಬೇಕಾಗುವುದೂ ಇಲ್ಲ. ಒಂದೇ ಹಗ್ಗದ ಒಂದು ತುದಿಗೆ ಬೌಲೈನ್ ಎಂಬ ಕುಣಿಕೆ ಗಂಟು ಹಾಕಿ, ಇನ್ನೊಂದು ತುದಿಗೆ ಫಿಗರ್ ಎಯ್ಟ್ (8ರ ಆಕಾರದ ಗಂಟು) ಕುಣಿಕೆ ಹಾಕಿ. ಎಳೆದಾಗ ಎರಡರ ಮೇಲೂ ಬೀಳುವ ಭಾರ ಒಂದೇ. ಯಾವುದು ಮೊದಲು ಕಿತ್ತುಕೊಳ್ಳುತ್ತದೋ ಅದು ದುರ್ಬಲ, ಅಷ್ಟೇ. ನಾನು 3 ಮಿ.ಮೀ. ಪಾಲಿಯೆಸ್ಟರ್ ಹಗ್ಗ ತೆಗೆದುಕೊಂಡೆ. ಒಂದು ಕುಣಿಕೆಯನ್ನು ಗಟ್ಟಿ ಆಧಾರಕ್ಕೆ ಸಿಕ್ಕಿಸಿ, ಇನ್ನೊಂದಕ್ಕೆ ದಪ್ಪ ಹಗ್ಗ ಕಟ್ಟಿ ವಿಂಚ್‌ನಿಂದ (ಹಗ್ಗ ಸುತ್ತಿ ಎಳೆಯುವ ರಾಟೆ) ಎಳೆದೆ. ನೀವೂ ಮಾಡುವುದಾದರೆ ಒಂದು ಮಾತು: ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ಮೇಲೆ ದಪ್ಪ ಕಂಬಳಿ ಹೊದಿಸಿರಬೇಕು. ಕಿತ್ತ ಹಗ್ಗ ವಾಪಸ್ ಹೊಡೆಯುವ ರಭಸ ನೋಡಿದರೆ ಭಯವಾಗುತ್ತದೆ.

ಬಹುತೇಕ ಸಲ ಬೌಲೈನ್ ಮೊದಲು ಹೋಯಿತು. ಬೌಲೈನ್ ಹಾಕಿದ ಹಗ್ಗದಲ್ಲಿ ಮೂಲ ಬಲದ ಶೇಕಡ 60–70, ಫಿಗರ್ ಎಯ್ಟ್‌ನಲ್ಲಿ 75–80 ಉಳಿಯುತ್ತದೆ ಅನ್ನುವ ಸಾಮಾನ್ಯ ಲೆಕ್ಕಕ್ಕೆ ಇದು ಹೊಂದುತ್ತದೆ. ಬೌಲೈನ್ ಎದುರು ಸ್ಪ್ಲೈಸ್ ಹಾಕಿದಾಗಂತೂ ಸ್ಪ್ಲೈಸ್ ಅಲುಗಲಿಲ್ಲ. ಚೆನ್ನಾಗಿ ಮಾಡಿದ ಸ್ಪ್ಲೈಸ್‌ನಲ್ಲಿ ಶೇಕಡ 90ಕ್ಕೂ ಜಾಸ್ತಿ ಬಲ ಉಳಿಯುತ್ತದೆ.

ಕಿತ್ತ ಜಾಗವನ್ನು ಗಮನಿಸಿ ನೋಡಿದೆ. ಗಂಟಿನ ನಡುವೆ ಅಲ್ಲ, ಹಗ್ಗ ಗಂಟಿನೊಳಗೆ ಹೋಗಿ ಮೊದಲ ತಿರುವು ತೆಗೆದುಕೊಳ್ಳುವ ಕಡೆ ಕಿತ್ತಿತ್ತು. ಹಸಿ ಕಡ್ಡಿ ಬಗ್ಗಿಸಿದರೆ ಹೊರಮೈ ಮೊದಲು ಬಿರಿಯುತ್ತದಲ್ವಾ, ಹಾಗೆಯೇ ಇದು. ತಿರುವಿನ ಹೊರಗಿನ ಎಳೆಗಳ ಮೇಲೆ ಪೂರ್ತಿ ಭಾರ ಬೀಳುತ್ತದೆ, ಒಳಗಿನವು ಸುಮ್ನೆ ಮುದುಡಿಕೊಂಡಿರುತ್ತವೆ. ಸ್ಪ್ಲೈಸ್‌ನಲ್ಲಿ ಇಂಥ ತಿರುವೇ ಇಲ್ಲ.

ಇಷ್ಟೆಲ್ಲ ನೋಡಿದ ಮೇಲೂ ನನ್ನ ಜಿಬ್ ಶೀಟ್‌ಗಳನ್ನು (ಮುಂದಿನ ಹಾಯಿಯನ್ನು ಎಳೆದು ಹಿಡಿಯುವ ಹಗ್ಗಗಳು) ಹಾಯಿಗೆ ಕಟ್ಟಿರುವುದು ಬೌಲೈನ್‌ನಿಂದಲೇ. ಲೆಕ್ಕ ಸರಳ. 20 ನಾಟ್ ಗಾಳಿಯಲ್ಲಿ ನನ್ನ ಹಾಯಿಯ ಅಳತೆಗೆ ಶೀಟ್ ಮೇಲೆ ಸುಮಾರು 250 ಕೆ.ಜಿ. ಎಳೆತ ಬೀಳುತ್ತದೆ. 10 ಮಿ.ಮೀ. ಪಾಲಿಯೆಸ್ಟರ್ ಹಗ್ಗ ಕಿತ್ತುಹೋಗಲು 2 ಟನ್ ಬೇಕು. ಬೌಲೈನ್ ಅದರಲ್ಲಿ ಶೇಕಡ 40 ತಿಂದರೂ 1,200 ಕೆ.ಜಿ. ಉಳಿಯಿತು. ಅಷ್ಟು ದಪ್ಪ ಹಗ್ಗ ಹಾಕುವುದೇ ಕೈಗೆ ಹಿಡಿತ ಸಿಗಲಿ ಎಂದು, ಬಲಕ್ಕಲ್ಲ. ಹೀಗಿರುವಾಗ ಶೇಕಡಾವಾರು ಪಟ್ಟಿ ಹಿಡಿದುಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ಹಾಯಿ ಬದಲಿಸುವಾಗ ಗಂಟು ಸಲೀಸಾಗಿ ಬಿಚ್ಚಬೇಕು, ಅದೇ ಮುಖ್ಯ. ಬೌಲೈನ್ ಎಷ್ಟು ಬಿಗಿದರೂ ಎಳೆತ ನಿಂತ ಮೇಲೆ ಬಿಚ್ಚುತ್ತದೆ. ಎಳೆತ ಇರುವಾಗ ಮಾತ್ರ ಬಿಚ್ಚುವುದಿಲ್ಲ. ಹಾಗಾಗಿ ಭಾರ ಇರುವಾಗಲೇ ಬಿಡಬೇಕಾಗಿ ಬರುವ ಹಗ್ಗಕ್ಕೆ ಎರಡು ಸುತ್ತು ಸುತ್ತಿ ಎರಡು ಹಾಫ್ ಹಿಚ್ (ಸರಳ ಅರೆಗಂಟು) ಹಾಕುತ್ತೇನೆ.

ಡೈನೀಮಾ ಅನ್ನುವ ತುಂಬಾ ಬಲವಾದ ಪಾಲಿಎಥಿಲೀನ್ ನಾರಿನ ಹಗ್ಗದ ವಿಷಯ ಪೂರ್ತಿ ಬೇರೆ. ಅದರ ಮೈ ತುಂಬಾ ಜಾರು. ಹೊದಿಕೆ ಇಲ್ಲದ ಡೈನೀಮಾಗೆ ಬೌಲೈನ್ ಹಾಕಿ ಎಳೆದಾಗ ಅದು ಕೀಳಲೇ ಇಲ್ಲ. ತುದಿ ನಿಧಾನಕ್ಕೆ ಒಳಗೆ ಜಾರುತ್ತಾ ಹೋಗಿ ಗಂಟೇ ಬಿಚ್ಚಿಕೊಂಡಿತು. ಜಾರದೆ ಹಿಡಿದುಕೊಳ್ಳುವ ಗಂಟು ಹಾಕಿದರೂ ಅರ್ಧಕ್ಕಿಂತ ಜಾಸ್ತಿ ಬಲ ಹೋಗಬಹುದು. ಅಷ್ಟು ದುಡ್ಡು ಕೊಟ್ಟು ತಂದ ಹಗ್ಗವನ್ನು ಗಂಟು ಹಾಕಿ ಹಾಳು ಮಾಡುವುದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಏಕೆಂದರೆ ಸ್ಪ್ಲೈಸ್ ಮಾಡಲು ಅದರಷ್ಟು ಸುಲಭದ ಹಗ್ಗ ಇನ್ನೊಂದಿಲ್ಲ. 12 ಎಳೆಗಳ ಹೆಣಿಗೆ, ಒಳಗೆ ಟೊಳ್ಳು. ಕುಣಿಕೆ ಮಾಡಿ ತುದಿಯನ್ನು ಹಗ್ಗದ ಹೊಟ್ಟೆಯೊಳಗೇ ತೂರಿಸುವುದು. ಭಾರ ಬಿದ್ದಾಗ ಹೊರಗಿನ ಹೆಣಿಗೆ ಬಿಗಿದು ಒಳಗಿನ ತುದಿಯನ್ನು ಹಿಸುಕಿ ಹಿಡಿಯುತ್ತದೆ. ಎಳೆದಷ್ಟೂ ಬಿಗಿ.

ತೂರಿಸುವ ಉದ್ದದಲ್ಲಿ ಮಾತ್ರ ಜಿಪುಣತನ ಬೇಡ. ಹಗ್ಗದ ದಪ್ಪದ 72 ಪಟ್ಟು ನಾನು ಪಾಲಿಸುವ ಅಳತೆ. 6 ಮಿ.ಮೀ. ಹಗ್ಗಕ್ಕೆ 43 ಸೆಂ.ಮೀ. ತುದಿಯನ್ನು ಇದ್ದ ಹಾಗೆ ಬಿಡಬಾರದು. ಎಳೆಗಳನ್ನು ಒಂದೊಂದಾಗಿ ಬೇರೆಬೇರೆ ಕಡೆ ಕತ್ತರಿಸಿ ತೆಳುವಾಗುತ್ತಾ ಹೋಗುವಂತೆ ಮಾಡಬೇಕು. ಇಲ್ಲದಿದ್ದರೆ ಒಳಗಿನ ತುದಿ ಮುಗಿಯುವಲ್ಲಿ ಹಗ್ಗ ಒಮ್ಮೆಲೇ ಸಣ್ಣದಾಗಿ, ಅದೇ ದುರ್ಬಲ ಜಾಗವಾಗುತ್ತದೆ. ಕೊನೆಗೆ ಕುಣಿಕೆಯ ಕುತ್ತಿಗೆಯ ಹತ್ತಿರ ದಪ್ಪ ದಾರದಿಂದ ಅಡ್ಡಡ್ಡ ಹೊಲಿಗೆ. ಹಗ್ಗ ಸಡಿಲವಿದ್ದಾಗ ಹಿಸುಕುವ ಬಲ ಇರುವುದಿಲ್ಲ, ಹಾಯಿ ಪಟಪಟ ಬಡಿದರೆ ತುದಿ ಹೊರಬರಬಹುದು. ಈ ಹೊಲಿಗೆ ಅದನ್ನು ತಡೆಯುತ್ತದೆ.

ಲಂಗರಿನ ಹಗ್ಗ ಮೂರೆಳೆಯ ನೈಲಾನ್. ಅಲೆಯ ಹೊಡೆತಕ್ಕೆ ಹಿಗ್ಗಿ ಕೊಡಲಿ ಎಂದು ನೈಲಾನ್. ಅದನ್ನು ಸರಪಳಿಗೆ ಗಂಟು ಹಾಕಿ ಕಟ್ಟಿದರೆ ವಿಂಡ್‌ಲಾಸ್ (ಲಂಗರು ಎತ್ತುವ ಯಂತ್ರ) ಚಕ್ರದ ಮೇಲೆ ಹಾಯುವುದಿಲ್ಲ. ಹಾಗಾಗಿ ಎಳೆಗಳನ್ನು ಸರಪಳಿಯ ಕೊನೆಯ ಕೊಂಡಿಯೊಳಗಿಂದ ತಂದು ಹಗ್ಗಕ್ಕೇ ಹೆಣೆದಿದ್ದೇನೆ. ನೈಲಾನ್ ಜಾರುವುದರಿಂದ ಮೂರು ಸುತ್ತು ಹೆಣಿಗೆ ಸಾಲದು, ಐದಕ್ಕಿಂತ ಕಡಿಮೆ ನಾನು ನಿಲ್ಲಿಸುವುದಿಲ್ಲ. ಆ ಕೊಂಡಿಯ ಹತ್ತಿರ ಹಗ್ಗ ಸವೆದಿದೆಯೇ ಎಂದು ಪ್ರತಿ ಸಲ ಲಂಗರು ಎತ್ತುವಾಗ ಬೆರಳಾಡಿಸಿ ನೋಡುತ್ತೇನೆ. ಸವೆದು ಕಿತ್ತ ಹಗ್ಗಗಳನ್ನು ಮರೀನಾದಲ್ಲಿ ಬೇಕಾದಷ್ಟು ಕಂಡಿದ್ದೇನೆ, ಗಂಟಿನಿಂದ ಕಿತ್ತದ್ದು ತುಂಬಾ ಅಪರೂಪ.

ಹಳೆಯ ಡಬಲ್ ಬ್ರೇಡ್ (ಹೆಣೆದ ತಿರುಳಿನ ಮೇಲೆ ಹೆಣೆದ ಹೊದಿಕೆ ಇರುವ) ಹಗ್ಗವನ್ನು ಸ್ಪ್ಲೈಸ್ ಮಾಡಲು ಕೂರುವವರಿಗೆ ಒಂದು ಸಲಹೆ. ಉಪ್ಪು ಕೂತು ಹೊದಿಕೆ ಬಿಗಿದುಕೊಂಡಿರುತ್ತದೆ, ಅರ್ಧ ದಾರಿಯಲ್ಲಿ ಫಿಡ್ (ತುದಿ ತೂರಿಸುವ ಮೊನೆಯ ಸಾಧನ) ಸಿಕ್ಕಿಕೊಳ್ಳುತ್ತದೆ. ಮೊದಲು ಬೆಚ್ಚಗಿನ ನೀರಿಗೆ ಬಟ್ಟೆಗೆ ಹಾಕುವ ಸಾಫ್ಟ್‌ನರ್ ಸ್ವಲ್ಪ ಬೆರೆಸಿ ನೆನೆಸಿಡಿ. ಆಗಲೂ ಬಗ್ಗದಿದ್ದರೆ ಗಂಟೇ ಹಾಕಿ. ನನ್ನ ಮೇನ್ ಹ್ಯಾಲ್ಯಾರ್ಡ್ (ದೊಡ್ಡ ಹಾಯಿಯನ್ನು ಮೇಲೆತ್ತುವ ಹಗ್ಗ) ಈಗ ಆ ಸ್ಥಿತಿಯಲ್ಲೇ ಇದೆ. ಅಲ್ಲಿ ಬೌಲೈನ್ ಹಾಕಿದರೆ ಅದರ ಉದ್ದಕ್ಕೆ ಹಾಯಿ ಮಾಸ್ಟ್ (ಹಾಯಿಕಂಬ) ತುದಿಯವರೆಗೆ ಏರುವುದಿಲ್ಲ. ಶ್ಯಾಕಲ್‌ಗೆ (ಹಾಯಿಗೆ ಸಿಕ್ಕಿಸುವ ಲೋಹದ ಕೊಂಡಿ) ಅಂಟಿಕೊಂಡು ಕೂರುವ ಹ್ಯಾಲ್ಯಾರ್ಡ್ ಗಂಟು ಹಾಕಿದ್ದೇನೆ. ಹೊಸ ಹಗ್ಗ ತರುವವರೆಗೆ ಅದು ಸಾಕು.