ಓದೋಕೆ ಹಿಂಜರಿಯುವ ಮಕ್ಕಳಿಗೆ ಚಿಕ್ಕವರ ಜವಾಬ್ದಾರಿ ಕೊಡಿ

ಐದು, ಆರನೇ ತರಗತಿಯಲ್ಲಿ ‘ಓದು’ ಅಂದ ಕೂಡಲೇ ತಲೆ ತಗ್ಗಿಸುವ ಮಕ್ಕಳಿದ್ದರೆ, ವಾರಕ್ಕೊಮ್ಮೆ ನಲಿಕಲಿ (ಒಂದರಿಂದ ಮೂರನೇ ತರಗತಿಯ) ಮಕ್ಕಳಿಗೆ ಕಥೆ ಓದಿ ಹೇಳುವ ಕೆಲಸ ಅವರಿಗೆ ಕೊಡಿ. ಪುಟಕ್ಕೆ ಎರಡು ಮೂರು ಸಾಲು ಇರುವ ಚಿತ್ರದ ಪುಸ್ತಕ ಸಾಕು. ಅಷ್ಟು ಸುಲಭದ ಪುಸ್ತಕವನ್ನು ನೀನೇ ಓದು ಅಂದರೆ ದೊಡ್ಡ ಮಕ್ಕಳಿಗೆ ಅವಮಾನ. ಪುಟ್ಟವರಿಗೆ ಓದಿ ಹೇಳಬೇಕು ಅಂದರೆ ಅದನ್ನೇ ನಾಲ್ಕೈದು ಸಲ ಓದಿಕೊಂಡು ತಯಾರಾಗುತ್ತಾರೆ. ಓದು ಸಲೀಸಾಗೋದೇ ಹೀಗೆ ಮತ್ತೆ ಮತ್ತೆ ಓದಿದಾಗ, ಅಲ್ವಾ? ಹಿಂದಿನ ದಿನ ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಕೇಳಿಸಿಕೊಳ್ಳಿ. ‘ಅಜ್ಜಿ’, ‘ಹಕ್ಕಿ’ ಅಂಥ ಒತ್ತಕ್ಷರದ ಹತ್ತಿರ ಬೆರಳು ನಿಂತುಬಿಟ್ಟರೆ ಅಲ್ಲೇ ಮೆಲ್ಲಗೆ ಹೇಳಿಕೊಡಿ. ಪುಟ್ಟವರ ಎದುರಿಗೆ ಮಾತ್ರ ತಿದ್ದಲೇಬೇಡಿ. ಓದೋಕೆ ಬರದವರನ್ನೇ ಆರಿಸಿದ್ದಾರೆ ಅಂತ ಗೊತ್ತಾದರೆ ಕೆಲಸ ಕೆಟ್ಟಿತು, ಹಾಗಾಗಿ ಚೆನ್ನಾಗಿ ಓದುವ ಒಂದಿಬ್ಬರನ್ನೂ ಸರದಿಯಲ್ಲಿ ಸೇರಿಸಿ. ಅಕ್ಷರವೇ ಗುರುತು ಸಿಗದ ಮಕ್ಕಳಿಗೆ ಇದು ಆಗಲ್ಲ. ಅವರು ಚಿತ್ರ ತೋರಿಸಿ ಬಾಯಲ್ಲೇ ಕಥೆ ಹೇಳಲಿ. ಮನೆಯ ಜಗಳದಿಂದ ನಿದ್ದೆಗೆಟ್ಟು ಬರುವ ಮಗುವಿಗೂ ಇದೊಂದೇ ಸಾಲದು, ಮೊದಲು ಅದರ ಜೊತೆ ಕೂತು ಮಾತಾಡಿ.