ಅಕ್ಕಿ ಬಿಡದೆ ಊಟ ಸುಧಾರಿಸುವುದು: ಮಲೆನಾಡಿನ ಅಡುಗೆಮನೆಗೆ

ಬೆಳಗ್ಗೆ ಕಡುಬು ಇಲ್ಲವೇ ಅಕ್ಕಿರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬಹುಪಾಲು ಮನೆಗಳ ಊಟ ಇದೇ. ಅಕ್ಕಿಯನ್ನು ಬಿಡಬೇಕಿಲ್ಲ, ಆದರೆ ತಟ್ಟೆಯಲ್ಲಿ ಅದು ಹಿಡಿಯುವ ಜಾಗ ಕಿರಿದಾಗಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಧಾನ್ಯ ಸುಮಾರು 250 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ. ತರಕಾರಿಯೇ ಹೆಚ್ಚು ತೂಗಬೇಕು. ನಮ್ಮ ತಟ್ಟೆಯಲ್ಲಿ ಅದು ತಿರುಗಾಮುರುಗ. ಆದ್ದರಿಂದ ಬಡಿಸುವ ಕ್ರಮ ಬದಲಿಸಿ: ಪಲ್ಯ, ಕೋಸಂಬರಿ ಮೊದಲು, ಅನ್ನ ಆಮೇಲೆ.

ಬಿಳಿ ಅಕ್ಕಿಯಿಂದ ಕುಚ್ಚಲಕ್ಕಿಗೆ ಹೋಗುವವರು ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕೆಡಿಸಿಕೊಳ್ಳುತ್ತಾರೆ. ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಬಿಳಿ ಅಕ್ಕಿ ಮುದ್ದೆಯಾಗುತ್ತದೆ. ಬೇರೆಬೇರೆ ಬೇಯಿಸಿ, ಬಡಿಸುವಾಗ ಬೆರೆಸಿ. ಮೊದಲ ವಾರ ಕಾಲು ಭಾಗ ಸಾಕು. ಮಕ್ಕಳ ನಾಲಿಗೆ ಒಗ್ಗಿದಂತೆ ಹೆಚ್ಚಿಸಿ.

ಸೊಪ್ಪು ಸೇರಿಸಲು ಸುಲಭದ ದಾರಿ ತಂಬುಳಿ. ನಾಲ್ಕು ಜನಕ್ಕೆ ಒಂದು ಹಿಡಿ ಒಂದೆಲಗ, 1 ಚಮಚ ಜೀರಿಗೆ, 6 ಕಾಳುಮೆಣಸು, ಅರ್ಧ ಚಮಚ ತುಪ್ಪ, 4 ಚಮಚ ಕಾಯಿತುರಿ, 3 ಲೋಟ ಮಜ್ಜಿಗೆ. ತುಪ್ಪದಲ್ಲಿ ಜೀರಿಗೆ, ಮೆಣಸು ಘಮ್ಮೆನ್ನುವವರೆಗೆ ಹುರಿದು, ಸೊಪ್ಪು ಹಾಕಿ ಬಾಡಿಸಿ. ಪೂರ್ತಿ ಆರಿದ ಮೇಲೆ ಕಾಯಿಯೊಂದಿಗೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಕದಡಿ. ಬಿಸಿಬಿಸಿಯಾಗಿ ಬೆರೆಸಿದರೆ ಮಜ್ಜಿಗೆ ಒಡೆಯುತ್ತದೆ. ತಂಬುಳಿಯನ್ನು ಕುದಿಸಲೂಬಾರದು.

ಸೊಪ್ಪು ಎಲ್ಲಿಯದು ಅನ್ನುವುದು ಬಹಳ ಮುಖ್ಯ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಾಗ ಅದರ ಹನಿ ಕೆಳಗಿನ ಸೊಪ್ಪಿನ ಮೇಲೂ ಬೀಳುತ್ತದೆ. ಅಂಥ ತೋಟದ ಒಂದೆಲಗ, ಕೆಸು ಕೀಳಬೇಡಿ. ಹಿತ್ತಲಲ್ಲಿ ನೀರು ಜಿನುಗುವ ಕಡೆ ನಾಲ್ಕು ಬಳ್ಳಿ ನೆಟ್ಟರೆ ತಾನೇ ಹಬ್ಬುತ್ತದೆ. ಬುಡದಲ್ಲಿ ಮಣ್ಣು ಕೂತಿರುತ್ತದೆ, ಮೂರು ನೀರಿನಲ್ಲಾದರೂ ತೊಳೆಯಿರಿ. ತಂಬುಳಿ ಆಯಿತೆಂದು ಪಲ್ಯ ಬಿಡಬೇಡಿ; ಒಂದು ಹಿಡಿ ಸೊಪ್ಪು ನಾಲ್ವರಿಗೆ ಎಲ್ಲಿಗೂ ಸಾಲದು. ಬಸಳೆ, ಹರಿವೆ, ಬಾಳೆದಿಂಡು ಯಾವುದಾದರೂ ಜೊತೆಗಿರಲಿ.

ವಾರಕ್ಕೆರಡು ದಿನ ಮೊಳಕೆ ಹುರುಳಿ ಮಾಡಿ. ರಾತ್ರಿ ನೆನೆಸಿ, ಬೆಳಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಒಂದು ದಿನಕ್ಕೆ ಮೊಳೆಯುತ್ತದೆ. ಆಷಾಢದ ಥಂಡಿಯಲ್ಲಿ ಎರಡು ದಿನ ಹಿಡಿಯುತ್ತದೆ, ಅಷ್ಟರೊಳಗೆ ಲೋಳೆಯಾಗಿ ವಾಸನೆ ಬರುವುದುಂಟು. ದಿನಕ್ಕೆರಡು ಸಲ ತೊಳೆದು ಒಲೆಯ ಹತ್ತಿರ ಇಟ್ಟರೆ ಸರಿಹೋಗುತ್ತದೆ.

ಜೋನಿಬೆಲ್ಲ ಸಕ್ಕರೆಯಲ್ಲ ಅನ್ನುವ ನಂಬಿಕೆ ಬಿಡಿ. ದೋಸೆಗೆ ಸುರಿದುಕೊಳ್ಳುವುದನ್ನು ಒಂದು ಚಮಚಕ್ಕಿಳಿಸಿ. ಕಾಫಿಯ ಸಕ್ಕರೆಯನ್ನು ವಾರಕ್ಕೆ ಕಾಲು ಚಮಚದಂತೆ ಕಡಿಮೆ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಇರಬೇಕು, ಮಕ್ಕಳಿಗೆ ಇನ್ನೂ ಕಮ್ಮಿ. ನಾಲ್ಕು ಜನ ದೊಡ್ಡವರ ಮನೆಗೆ ತಿಂಗಳಿಗೆ 600 ಗ್ರಾಂ ಆಯಿತು. ಉಪ್ಪಿನ ಪ್ಯಾಕೆಟ್ ಒಡೆದ ದಿನವೇ ಅದರ ಮೇಲೆ ತಾರೀಕು ಬರೆಯಿರಿ. ಕಿಲೋ ಪ್ಯಾಕೆಟ್ 50 ದಿನ ಬರದಿದ್ದರೆ ಕೈ ಬಿಗಿಹಿಡಿಯಬೇಕು. ಈ ಲೆಕ್ಕದಲ್ಲಿ ಹೆಚ್ಚಿನವರು ಮರೆಯುವುದು ಅಪ್ಪೆಮಿಡಿಗೆ, ಹಪ್ಪಳಕ್ಕೆ ವರ್ಷಕ್ಕೊಮ್ಮೆ ಹಾಕಿದ ಉಪ್ಪನ್ನು. ಉಪ್ಪಿನಕಾಯಿ ಬಡಿಸುವ ದಿನ ಸಾರಿಗೆ, ಪಲ್ಯಕ್ಕೆ ಉಪ್ಪು ಇಳಿಸಿ, ಬದಲಿಗೆ ನಿಂಬೆ ಅಥವಾ ವಾಟೆಹುಳಿ ಸ್ವಲ್ಪ ಮುಂದಿರಲಿ. ದಿನದ ಅಡುಗೆಗೆ ಅಯೋಡಿನ್ ಇರುವ ಉಪ್ಪೇ ಬೇಕು. ಬಿಪಿಗೆಂದು ಸೋಡಿಯಂ ಕಡಿಮೆಯಿರುವ ಉಪ್ಪು ತರುವವರು ಒಂದು ಗಮನಿಸಿ: ಅದರಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಮನೆಯಲ್ಲಿ ಕಿಡ್ನಿ ತೊಂದರೆ ಇರುವವರಿದ್ದರೆ ವೈದ್ಯರನ್ನು ಕೇಳದೆ ಬಳಸಬೇಡಿ.